ಆವಾಜ್ ಹತ್ತದ ರಾತ್ರಿ

ಹಿಂದೂಸ್ತಾನಿ ಗಾಯನ ಮುಗಿದು ಹೊರಬಂದವರು ಬಾಗಿಲ ಬಳಿ ಚಪ್ಪಲಿ ಹುಡುಕುತ್ತ ಆಡುವ ಮಾತು ಬೆಳಗಾವಿಯಲ್ಲೂ ಒಂದೇ, ವಿಜಯಪುರದಲ್ಲೂ ಒಂದೇ: “ಇವತ್ತ್ಯಾಕೋ ಅವರ ಆವಾಜ್ ಹತ್ತಲಿಲ್ಲ ನೋಡ್ರಿ.” ಮರುದಿನ ಚಹಾದಂಗಡಿ ಮುಟ್ಟುವ ಹೊತ್ತಿಗೆ ಆ ಮಾತು ಗವಾಯಿಗಳ ಮೇಲಿನ ತೀರ್ಪೇ ಆಗಿರುತ್ತದೆ. ವಯಸ್ಸಾಯ್ತು, ರಿಯಾಜ್ ಕಡಿಮೆಯಾಗಿದೆ, ಮೊದಲಿನ ಹಾಗಿಲ್ಲ. ಹತ್ತಾರು ವರ್ಷ ಸ್ವರ ತಿದ್ದಿಕೊಂಡ ಕಂಠದ ಮೇಲೆ ಬೀಳುವ ಈ ಆರೋಪದಲ್ಲಿ ಬಹಳ ಸಲ ಆ ಕಂಠದ ಪಾಲು ಏನೂ ಇರುವುದಿಲ್ಲ. ಆ ರಾತ್ರಿ ಅರ್ಧ ಕೆಟ್ಟದ್ದು ಒಂದು ತಿಂಗಳ ಹಿಂದೆ, ಹಾಲ್ ಬುಕ್ ಮಾಡಿದ ದಿನ. ಉಳಿದರ್ಧ ಕೆಟ್ಟದ್ದು ಅದೇ ದಿನ ಮಧ್ಯಾಹ್ನ ಎರಡರಿಂದ ಸಂಜೆ ಆರರೊಳಗೆ. ಗವಾಯಿಗಳು ಬಂದು ಗಾದಿಯ ಮೇಲೆ ಕೂಡುವ ಹೊತ್ತಿಗೆ ಸರಿಪಡಿಸಲು ಉಳಿದಿರುವುದು ತೀರ ಸ್ವಲ್ಪ.

ಮೊದಲು ಹಾಲ್‌ನ ಮಾತು. ನಮ್ಮ ಕಡೆ ಗಾಯನಕ್ಕೆ ಸಿಗುವುದು ಬಹುಮಟ್ಟಿಗೆ ಕಲ್ಯಾಣ ಮಂಟಪ. ನೆಲಕ್ಕೆ ನುಣುಪು ಟೈಲ್ಸ್, ಗೋಡೆಗೆ ಗ್ರಾನೈಟ್ ಇಲ್ಲವೆ ಬಣ್ಣ ಬಳಿದ ಗಿಲಾವು, ಮೇಲೆ ಪಿಒಪಿ ಛಾವಣಿ, ಪಕ್ಕದಲ್ಲಿ ಗಾಜಿನ ಕಿಟಕಿ, ಕೂಡಲು ಪ್ಲಾಸ್ಟಿಕ್ ಕುರ್ಚಿ. ಮದುವೆಗೆ ಇದು ಒಪ್ಪುತ್ತದೆ; ಅಲ್ಲಿ ಸದ್ದು ತುಂಬಿ ತುಳುಕಿದಷ್ಟೂ ಕಳೆ. ಗಾಯನಕ್ಕೆ ಬೇಕಾದದ್ದು ಬೇರೆ. ಹುಟ್ಟಿದ ಸ್ವರ ಕಿವಿ ಮುಟ್ಟಿ, ತನ್ನ ಕೆಲಸ ಮುಗಿಸಿ, ಮುಂದಿನ ಸ್ವರಕ್ಕೆ ಜಾಗ ಬಿಟ್ಟು ಹೋಗಬೇಕು. ಹೀಗೆ ಸದ್ದು ಹೋಗಲು ತೆಗೆದುಕೊಳ್ಳುವ ಸಮಯಕ್ಕೆ ಅನುರಣನ ಕಾಲ ಎನ್ನುತ್ತಾರೆ: ಸದ್ದು ನಿಂತ ಮೇಲೆ ಅದರ ಮಟ್ಟ 60 ಡೆಸಿಬಲ್ ಇಳಿಯಲು ಹಿಡಿಯುವ ಸೆಕೆಂಡುಗಳು. ಭಾಷಣಕ್ಕೆ ಇದು 1 ಸೆಕೆಂಡಿನ ಒಳಗಿದ್ದರೆ ಚೆನ್ನ. ಖಯಾಲ್ ಗಾಯನಕ್ಕೆ 1ರಿಂದ ಒಂದೂವರೆ ಸೆಕೆಂಡ್ ಸಾಕು.

100 ಫೂಟು ಉದ್ದ, 60 ಫೂಟು ಅಗಲ, 20 ಫೂಟು ಎತ್ತರದ ಮಂಟಪ ಒಂದನ್ನು ಲೆಕ್ಕಕ್ಕೆ ಹಿಡಿಯೋಣ. ಮೀಟರಿನಲ್ಲಿ ಸುಮಾರು 30, 18, 6. ಒಳಗಿನ ಗಾಳಿಯ ಗಾತ್ರ 3,240 ಘನ ಮೀಟರ್. ನೆಲ, ಗೋಡೆ, ಛಾವಣಿ ಸೇರಿ 1,656 ಚದರ ಮೀಟರ್. ಟೈಲ್ಸು, ಗಿಲಾವು ತಮ್ಮ ಮೇಲೆ ಬಿದ್ದ ಸದ್ದಿನಲ್ಲಿ ನುಂಗುವುದು ನೂರಕ್ಕೆ ಎರಡು ಮೂರು ಪಾಲು, ಉಳಿದದ್ದನ್ನೆಲ್ಲ ವಾಪಸು ಎಸೆಯುತ್ತವೆ. ತನ್ನ ಮೇಲೆ ಬಿದ್ದ ಸದ್ದನ್ನೆಲ್ಲ ಹೊರಬಿಡುವ ತೆರೆದ ಕಿಟಕಿಯನ್ನು ಅಳತೆಗೆ ಹಿಡಿದರೆ, ಇಡೀ ಹಾಲ್ ಸೇರಿ ನುಂಗುವುದು 41 ಚದರ ಮೀಟರ್ ಕಿಟಕಿಯಷ್ಟು. ಗಾತ್ರವನ್ನು 0.161ರಿಂದ ಗುಣಿಸಿ ಈ ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸಿಗುತ್ತದೆ. ಖಾಲಿ ಹಾಲ್‌ಗೆ ಲೆಕ್ಕ 12 ಸೆಕೆಂಡ್ ದಾಟುತ್ತದೆ. ಬಾಗಿಲು, ಕಿಟಕಿಯ ಗಾಜು, ಸಂದುಗೊಂದುಗಳು ಕೊಂಚ ನುಂಗುವುದರಿಂದ ನಿಜದಲ್ಲಿ ಅಷ್ಟಿರುವುದಿಲ್ಲ. ಆದರೂ ಹೀಗೇ ಒಬ್ಬರು ಒಳಹೊಕ್ಕು ಮಾತಾಡಿದರೆ ಸಾಕು, ಮಾತಿನ ಬಾಲ ಮಾತಿಗಿಂತ ಉದ್ದ ಎಂದು ಗೊತ್ತಾಗುತ್ತದೆ.

ಹಾಲ್‌ನಲ್ಲಿ ಸದ್ದು ನುಂಗುವ ದೊಡ್ಡ ವಸ್ತು ಮನುಷ್ಯನೇ. ಬಟ್ಟೆ ತೊಟ್ಟು ಕೂತ ಒಬ್ಬರು ಅರ್ಧ ಚದರ ಮೀಟರಿಗೆ ಸ್ವಲ್ಪ ಕಡಿಮೆ ತೆರೆದ ಕಿಟಕಿಗೆ ಸಮ; 0.45 ಎಂದು ಹಿಡಿಯಬಹುದು. 400 ಜನ ಬಂದರೆ ಹೀರಿಕೆ 221ಕ್ಕೆ ಏರಿ ಅನುರಣನ 2.4 ಸೆಕೆಂಡಿಗೆ ಇಳಿಯುತ್ತದೆ. 150 ಜನ ಬಂದರೆ 4.8 ಸೆಕೆಂಡಿನಲ್ಲೇ ನಿಲ್ಲುತ್ತದೆ. ಆದ್ದರಿಂದಲೇ ಜನ ಕಡಿಮೆ ಬಂದ ಗಾಯನ ಕೇಳಲೂ ಕೆಟ್ಟದಾಗಿರುತ್ತದೆ. “ಜನ ಇರಲಿಲ್ಲ, ಅದಕ್ಕೆ ಗವಾಯಿಗಳಿಗೆ ರಂಗೇರಲಿಲ್ಲ” ಎನ್ನುವವರು ಅರ್ಧ ಸತ್ಯ ಹೇಳುತ್ತಾರೆ. ಖಾಲಿ ಕುರ್ಚಿ ಗಾಯಕರ ಮನಸ್ಸನ್ನು ಕುಗ್ಗಿಸುವುದು ಒಂದು, ವೇಗವಾಗಿ ಓಡುವ ಸ್ವರಸರಣಿಯಾದ ಅವರ ತಾನನ್ನು ಕಲಸಿಹಾಕುವುದು ಇನ್ನೊಂದು. ಎರಡೂ ಒಟ್ಟಿಗೇ ನಡೆಯುತ್ತವೆ. ಮೆತ್ತನೆಯ ಸೀಟಿನ ರಂಗಮಂದಿರಗಳಿಗೆ ಈ ಕಷ್ಟ ಕಡಿಮೆ. ಅಲ್ಲಿ ಖಾಲಿ ಸೀಟೂ ಸುಮಾರು ಕೂತ ಮನುಷ್ಯನಷ್ಟೇ ನುಂಗುತ್ತದೆ. ಬಾಡಿಗೆಯ ವ್ಯತ್ಯಾಸ ನೋಡುವಾಗ ಇದನ್ನೂ ತೂಗಿ ನೋಡಬೇಕು.

ಬಾಲ ಉದ್ದವಾದರೆ ಸಂಗೀತಕ್ಕೆ ಏನಾಗುತ್ತದೆ? ನಿಧಾನ ಲಯದ ವಿಲಂಬಿತದಲ್ಲಿ ಮೊದಮೊದಲು ಚೆನ್ನಾಗಿಯೇ ಕೇಳಿಸುತ್ತದೆ. ಷಡ್ಜ ಇಟ್ಟ ಕೂಡಲೇ ಹಾಲ್ ತುಂಬುತ್ತದೆ, ಸಂಘಟಕರ ಮುಖ ಅರಳುತ್ತದೆ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಶುರುವಾದಾಗ ಸ್ವರಗಳು ಒಂದರ ಮೇಲೊಂದು ಹತ್ತಿಕೊಂಡು ಜಾರುವ ಗೆರೆ ಅಳಿಸಿಹೋಗುತ್ತದೆ. ವೇಗದ ಲಯದ ದ್ರುತದಲ್ಲಿ ಪೂರಾ ಕೈಬಿಡುತ್ತದೆ. ನಿಮಿಷಕ್ಕೆ 240 ಮಾತ್ರೆಯ ಲಯದಲ್ಲಿ ಒಂದು ಮಾತ್ರೆ ಕಾಲು ಸೆಕೆಂಡ್. ಅದರಲ್ಲಿ ನಾಲ್ಕು ಪೆಟ್ಟು ಬಿದ್ದರೆ ಒಂದೊಂದಕ್ಕೆ 0.06 ಸೆಕೆಂಡ್. ವೇದಿಕೆಯಿಂದ ಹೊರಟ ಸದ್ದು 30 ಮೀಟರ್ ದೂರದ ಹಿಂಗೋಡೆಗೆ ಬಡಿದು ಮುಂದಿನ ಸಾಲಿಗೆ ಮರಳಲು 0.17 ಸೆಕೆಂಡ್ ಬೇಕು. ಅಂದರೆ ತಬಲಾದ ಒಂದು ಪೆಟ್ಟಿನ ಪ್ರತಿಧ್ವನಿ ಮುಂದಿನ ಎರಡು ಪೆಟ್ಟು ಮುಗಿದು ಮೂರನೆಯದು ಬೀಳುವ ಮುನ್ನ ಬಂದು ನಡುವೆ ತೂರುತ್ತದೆ. ತಬಲಾದವರು ಬಾರಿಸದ ಪೆಟ್ಟು ಅದು. ಕೇಳುವವರಿಗೆ ತಿರಕಿಟ ಕಲಸಿದಂತೆ ಕಾಣುತ್ತದೆ, ತಬಲಾದವರಿಗೆ ಕೈ ಹಿಡಿದಂತಾಗುತ್ತದೆ, ಗವಾಯಿಗಳು ತಾಳದ ಮೊದಲ ಮಾತ್ರೆಯಾದ ಸಮ್ ಹುಡುಕುತ್ತ ಹಿಂದಕ್ಕೆ ನೋಡುತ್ತಾರೆ.

ವಿಜಯಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1656ರ ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿ, ಎಷ್ಟು ಸಲ ಮರಳಿ ಬಂತೆಂದು ಎಣಿಸದೆ ಇಳಿದು ಬಂದ ಮಕ್ಕಳಿಲ್ಲ. ಒಂದು ಚಪ್ಪಾಳೆಗೆ ಅದು ಬೆರಗು. ಅದೇ ಗುಮ್ಮಟದಡಿ ಯಾರಾದರೂ ಸಪಾಟ ತಾನ್ ಹೊಡೆದರೆ ಏಳೆಂಟು ತಾನುಗಳು ಒಂದರ ಮೇಲೊಂದು ಬೀಳುತ್ತವೆ. ಬೋಳು ಮಂಟಪ ಸಣ್ಣ ಪ್ರಮಾಣದಲ್ಲಿ ಅದನ್ನೇ ಮಾಡುತ್ತದೆ.

ಎಲ್ಲಕ್ಕಿಂತ ಹೆಚ್ಚು ನೋವಾಗುವುದು ಮೌನ ಹೋಗುವುದಕ್ಕೆ. ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಧ್ವನಿಮುದ್ರಣಗಳನ್ನು ಕೇಳಿದವರಿಗೆ ಗೊತ್ತು: ಒಂದು ಸಣ್ಣ ಸ್ವರಗುಚ್ಛ, ಆಮೇಲೆ ಬಿಡುವು, ಬಿಡುವಿನಲ್ಲಿ ತಂಬೂರಿ ಮಾತ್ರ, ಮತ್ತೆ ಸ್ವರ. ಆ ಬಿಡುವಿನಲ್ಲಿಯೂ ರಾಗ ನಡೆದೇ ಇರುತ್ತದೆ. ನಾಲ್ಕು ಸೆಕೆಂಡ್ ಬಾಲ ಎಳೆಯುವ ಹಾಲ್‌ನಲ್ಲಿ ಬಿಡುವು ಎಂಬುದೇ ಇಲ್ಲ. ಹಾಡದೆ ಬಿಟ್ಟ ಜಾಗವನ್ನೂ ಗೋಡೆ ಹಾಡಿ ತುಂಬಿಸುತ್ತದೆ.

ಇನ್ನು ಹಿಂದಿನ ಸಾಲಿನಿಂದ ಕೂಗು ಬರುತ್ತದೆ: “ಆವಾಜ್ ಏರಿಸ್ರೀ!” ಮೈಕ್‌ಸೆಟ್‌ನವರು ಏರಿಸುತ್ತಾರೆ. ಕೆಲಸ ಅಲ್ಲಿಂದ ಇನ್ನಷ್ಟು ಕೆಡುತ್ತದೆ. ಇದೇ ಹಾಲ್‌ನಲ್ಲಿ 150 ಜನರಿದ್ದಾಗ ಮೈಕಿಲ್ಲದೆ ಹಾಡಿದರೆ ಎರಡು ಮೀಟರಿನಾಚೆ ಕೂತವರಿಗೆ ನೇರ ದನಿಗಿಂತ ಗೋಡೆಯಿಂದ ಬಂದ ದನಿಯೇ ಹೆಚ್ಚು. ಮುಂದಕ್ಕೆ ಮುಖ ಮಾಡಿ ಕೂಡಿಸಿದ ಒಳ್ಳೆಯ ಸ್ಪೀಕರ್ ಇದ್ದರೆ ಆ ಗಡಿ ಐದು ಮೀಟರಿಗೆ ಹೋಗುತ್ತದೆ, ಅಷ್ಟೇ. ಅದರಾಚೆ ಕೂತವರು ಕೇಳುವುದು ಹೆಚ್ಚಿನ ಪಾಲು ಮರುದನಿ. ಏರಿಸಿದರೆ ದನಿ ಎಷ್ಟು ಏರುತ್ತದೋ ಮರುದನಿಯೂ ಅಷ್ಟೇ ಏರುತ್ತದೆ. ಎರಡರ ನಡುವಿನ ಅಂತರ ಕೂದಲಷ್ಟೂ ಬದಲಾಗದು. ಅವರಿಗೆ ಕೇಳಿಸುತ್ತಿಲ್ಲ ಎಂದಲ್ಲ, ತಿಳಿಯುತ್ತಿಲ್ಲ. ಆಗ ಮಾಡಬೇಕಾದದ್ದು ಸ್ವಲ್ಪ ಇಳಿಸುವುದು, ತಬಲಾ ಜೋಡಿಯ ದೊಡ್ಡದಾದ ಡಗ್ಗಾದ ಕೆಳದನಿ ಕಡಿಮೆ ಮಾಡುವುದು, ಸ್ಪೀಕರ್ ಮುಖವನ್ನು ಛಾವಣಿಯಿಂದ ಇಳಿಸಿ ಜನರ ತಲೆಯ ಕಡೆ ಬಗ್ಗಿಸುವುದು. ಸ್ಪೀಕರ್ ಜನರ ತಲೆಗಿಂತ ಮೇಲಿರಬೇಕು, ಆದರೆ ನೋಟ ಕೆಳಗಿರಬೇಕು. ಬರಿ ನೆಟ್ಟಗೆ ನಿಲ್ಲಿಸಿದ ಬಾಕ್ಸ್ ಹಿಂಗೋಡೆಗೆ ಹಾಡುತ್ತದೆ.

ಮಂಟಪದ ಕಂಬಕಂಬಕ್ಕೂ ಕಟ್ಟಿದ ಸಣ್ಣ ಬಾಕ್ಸುಗಳದ್ದು ಬೇರೆಯೇ ತೊಂದರೆ. “ಊಟಕ್ಕೆ ಬರ್ರಿ” ಎಂದು ಕರೆಯಲು ಅವು ತಕ್ಕವು. ಗಾಯನದಲ್ಲಿ ಅವನ್ನೂ ಚಾಲೂ ಮಾಡಿದರೆ ತಂತಿಯಲ್ಲಿ ಕ್ಷಣಮಾತ್ರದಲ್ಲಿ ಓಡಿದ ದನಿ ಪಕ್ಕದ ಕಂಬದಿಂದ ಮೊದಲು ಬರುತ್ತದೆ, ವೇದಿಕೆಯ ದನಿ 20 ಮೀಟರ್ ನಡೆದು 58 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಎರಡು ದನಿಗಳ ನಡುವೆ 50 ಮಿಲಿಸೆಕೆಂಡ್ ದಾಟಿದರೆ ಕಿವಿ ಅವನ್ನು ಎರಡೆಂದೇ ಕೇಳುತ್ತದೆ. ಗವಾಯಿಗಳು ಎದುರಿಗೆ ಕೂತಿದ್ದಾರೆ, ದನಿ ಮಾತ್ರ ಬಲಗಿವಿಯ ಕಂಬದಿಂದ. ಡಿಜಿಟಲ್ ಮಿಕ್ಸರ್ ಇದ್ದರೆ ಹಿಂದಿನ ಬಾಕ್ಸುಗಳಿಗೆ ದೂರದ ಲೆಕ್ಕದಲ್ಲಿ ತಡ ಕೊಡಬೇಕು: ಮೀಟರಿಗೆ ಸುಮಾರು 3 ಮಿಲಿಸೆಕೆಂಡ್, ಅದರ ಮೇಲೆ ಇನ್ನೂ 10ರಿಂದ 15. ಆಗ ದನಿ ವೇದಿಕೆಯಿಂದಲೇ ಬಂದಂತೆ ಕೇಳುತ್ತದೆ, ಹಿಂದಿನ ಬಾಕ್ಸ್ ಕೈಗೂಡಿಸುತ್ತದೆ. ಆ ಸೌಲಭ್ಯ ಇಲ್ಲದಿದ್ದರೆ ಕಂಬದ ಬಾಕ್ಸುಗಳನ್ನು ಪೂರಾ ಬಂದ್ ಮಾಡುವುದೇ ಮೇಲು.

ಕುಂಯ್ ಎಂದು ಕಿವಿ ಸೀಳುವ ಸದ್ದು ಏಕೆ ಬರುತ್ತದೆಂಬುದು ಈಗ ಎಲ್ಲರಿಗೂ ಗೊತ್ತು: ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೊಕ್ಕು ಸುತ್ತುತ್ತದೆ. ಗೊತ್ತಿರದ ಸಂಗತಿ ಎಂದರೆ ತೆರೆದಿಟ್ಟ ಮೈಕುಗಳ ಎಣಿಕೆ. ಮೈಕು ಇಮ್ಮಡಿಯಾದಾಗಲೆಲ್ಲ ಕುಂಯ್ ಎನ್ನುವ ಮುನ್ನ ಏರಿಸಬಹುದಾದ ಮಟ್ಟ 3 ಡೆಸಿಬಲ್ ಕುಸಿಯುತ್ತದೆ. ಗಾಯನದ ಆರು ಮೈಕಿನ ಜೊತೆಗೆ ನಿರೂಪಕರ ಪೋಡಿಯಂ ಮೈಕು, ಸನ್ಮಾನಕ್ಕೆ ತಂದ ಕೈ ಮೈಕು, ಮುಖ್ಯ ಅತಿಥಿಗಳ ಟೇಬಲ್ ಮೈಕು ಹಾಗೇ ಚಾಲೂ ಇದ್ದರೆ ಒಂದೆರಡು ಡೆಸಿಬಲ್ ಸುಮ್ಮನೆ ಹೋಯಿತು. ನಿರೂಪಣೆ ಮುಗಿದೊಡನೆ ಅವನ್ನು ಮುಚ್ಚುವ ಒಬ್ಬರು ಮಿಕ್ಸರ್ ಮುಂದೆ ಇರಲೇಬೇಕು. ಮೈಕ್‌ಸೆಟ್ ಚಾಲೂ ಮಾಡಿ ಊಟಕ್ಕೆ ಹೋಗುವುದು ಈ ಕೆಲಸದಲ್ಲಿ ನಡೆಯುವ ದೊಡ್ಡ ತಪ್ಪು. ಹಾಡುವವರು ತಮ್ಮ ದನಿ ತಾವು ಕೇಳಲೆಂದು ವೇದಿಕೆಯ ಮೇಲಿಡುವ ಸ್ಪೀಕರ್, ಅಂದರೆ ಮಾನಿಟರ್, ಇರುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಹಾಡುಗಾರಿಕೆಯ ಕಾರ್ಡಿಯಾಯ್ಡ್ ಮೈಕು ತನ್ನ ಬೆನ್ನ ಹಿಂದಿನ ದನಿಯನ್ನು ಅತಿ ಕಡಿಮೆ ಹಿಡಿಯುತ್ತದೆ, ಆದ್ದರಿಂದ ಮಾನಿಟರ್ ಮೈಕಿನ ನೇರ ಬೆನ್ನ ಹಿಂದೆ. ಸೂಪರ್ ಕಾರ್ಡಿಯಾಯ್ಡ್ ಆದರೆ ಅದರ ಕಿವುಡು ಜಾಗ ಹಿಂಬದಿಯ ಎರಡು ಓರೆಗಳಲ್ಲಿರುತ್ತದೆ, ಮಾನಿಟರನ್ನು ಓರೆಗೆ ಸರಿಸಬೇಕು. ಮೈಕಿನ ಜಾತಿ ನೋಡದೆ ಮಾನಿಟರ್ ಇಟ್ಟರೆ ಇಡೀ ಸಂಜೆ ಕುಂಯ್‌ಗುಟ್ಟುವುದು ತಪ್ಪದು.

ಮೈಕು ಇಡುವ ದೂರಗಳನ್ನು ಬರೆದಿಟ್ಟುಕೊಂಡರೆ ಒಳ್ಳೆಯದು. ಕಂಠಕ್ಕೆ ಆರರಿಂದ ಎಂಟು ಇಂಚು, ಬಾಯಿಯ ನೇರಕ್ಕಿಂತ ತುಸು ಕೆಳಗೆ. ಇನ್ನೂ ಹತ್ತಿರ ಹೋದರೆ ಕಾರ್ಡಿಯಾಯ್ಡ್ ಮೈಕಿನಲ್ಲಿ ಕೆಳದನಿ ಉಬ್ಬಿ ಕಂಠ ಡಬ್ಬಿಯೊಳಗಿನಿಂದ ಬಂದಂತಾಗುತ್ತದೆ. ತಬಲಾಕ್ಕೆ ಒಂದು, ಡಗ್ಗಾಕ್ಕೆ ಒಂದು, ಎರಡೂ ಚರ್ಮಕ್ಕಿಂತ ಏಳೆಂಟು ಇಂಚು ಮೇಲೆ ಓರೆಯಾಗಿ, ಕೈ ತಾಗದಂತೆ. ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ಒಂದು ಫೂಟು ದೂರ; ಹತ್ತಿರ ಇಟ್ಟರೆ ಸ್ವರಕ್ಕಿಂತ ಮನೆಗಳ ಟಕಟಕ ಮತ್ತು ಭಾತೆಯ ಉಸಿರು ಹೆಚ್ಚು ಕೇಳುತ್ತವೆ. ತಂಬೂರಿಗೆ ಕುಂಬಳದ ಹತ್ತಿರ, ಕುದುರೆಯ ಕಡೆ ಮುಖ ಮಾಡಿ ಒಂದು, ಮಟ್ಟ ಬಹಳ ಕಡಿಮೆ. ತಂಬೂರಿ ಹಾಲ್‌ನಲ್ಲಿ ಎದ್ದು ಕೇಳಬಾರದು, ಆದರೆ ನಿಂತರೆ ಕೊರತೆ ಕಾಣಬೇಕು. 80–100 ಹರ್ಟ್ಜ್ ಕೆಳಗಿನದನ್ನು ಕಂಠದ ಮೈಕಿನಲ್ಲಿ ಕತ್ತರಿಸಿದರೆ ಫ್ಯಾನಿನ ಗಾಳಿ, ಹಲಗೆ ವೇದಿಕೆಯ ಗುಡುಗು ಎರಡೂ ಇಳಿಯುತ್ತವೆ.

ಇನ್ನೊಂದು ಗುಂಡಿಯ ಬಗ್ಗೆ ಹೇಳಲೇಬೇಕು. ಮಿಕ್ಸರಿನಲ್ಲಿ ಎಕೋ ಎಂಬುದಿರುತ್ತದೆ. ಬಯಲಿನ ಆರ್ಕೆಸ್ಟ್ರಾಕ್ಕೆ ಅದು ಬೇಕು, ಅಭ್ಯಾಸದಿಂದ ಮಂಟಪದ ಗಾಯನಕ್ಕೂ ಅದನ್ನೇ ಹಾಕುತ್ತಾರೆ. ಗೋಡೆಗಳೇ ನಾಲ್ಕು ಸೆಕೆಂಡ್ ಕೊಡುತ್ತಿರುವಾಗ ಮತ್ತೆರಡು ಸೆಕೆಂಡ್ ಕೂಡಿಸುವ ಕೆಲಸ ಅದು. ಮೈಕ್‌ಸೆಟ್ ಮಾಲೀಕರಿಗೆ ಮುಂಗಡ ಕೊಡುವ ದಿನವೇ, “ಅಣ್ಣಾವ್ರ, ಎಕೋ ಪೂರಾ ಸೊನ್ನೆ ಇರಬೇಕು” ಎಂದು ಹೇಳಿ ಒಪ್ಪಿಸಬೇಕು. ಸಂಜೆ ಹೇಳಿದರೆ ಅವಮಾನವೆನಿಸುತ್ತದೆ.

ಹಾಗಾದರೆ ಬೋಳು ಹಾಲ್‌ಗೆ ಮದ್ದಿಲ್ಲವೇ? ಇದೆ, ಅಗ್ಗದ್ದೇ ಇದೆ: ಬಟ್ಟೆ. ಈ ಲೆಕ್ಕಗಳಿಗೆ ಮೂಲಪುರುಷ ಅಮೆರಿಕದ ಭೌತವಿಜ್ಞಾನಿ ವಾಲೆಸ್ ಸಬೀನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸ ಕೋಣೆಯಲ್ಲಿ ಮಾತು ತಿಳಿಯುತ್ತಿಲ್ಲವೆಂದು ಅವರಿಗೆ ವಹಿಸಿದಾಗ, ಪಕ್ಕದ ರಂಗಮಂದಿರದ ಸೀಟಿನ ಗಾದಿಗಳನ್ನು ರಾತ್ರಿ ಹೊತ್ತು ತರಿಸಿ, ಇಷ್ಟು ಗಾದಿಗೆ ಸದ್ದು ಇಷ್ಟು ಕಡಿಮೆಯಾಯಿತೆಂದು ಅಳೆದು ಸೂತ್ರ ಕಂಡುಹಿಡಿದರು. ಗಾದಿ, ಜಮಖಾನೆ, ಕೌದಿ ನಮ್ಮ ಮನೆಗಳಲ್ಲಿ ಕಮ್ಮಿಯಿಲ್ಲ. ಹಿಂಗೋಡೆಗೆ 60 ಫೂಟು ಅಗಲ, 15 ಫೂಟು ಎತ್ತರಕ್ಕೆ ದಪ್ಪ ಪರದೆ ಕಟ್ಟಿಸಿದರೆ 84 ಚದರ ಮೀಟರ್. ನೆರಿಗೆ ಹಿಡಿದು ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಕಟ್ಟಿದರೆ ಅದರ ಅರ್ಧದಷ್ಟು, ಅಂದರೆ 42 ಚದರ ಮೀಟರ್ ಹೀರಿಕೆ. ಖಾಲಿ ಹಾಲ್‌ನ ಒಟ್ಟು ಹೀರಿಕೆಗಿಂತ ಒಂದು ಹೆಚ್ಚು. 90 ಜನ ಹೆಚ್ಚಿಗೆ ಬಂದು ಕೂತಂತೆ. ನೆರಿಗೆ ಮುಖ್ಯ, ಬಿಗಿದು ಕಟ್ಟಿದ ತೆಳು ಶಾಮಿಯಾನ ಬಟ್ಟೆ ಚಂದ ಕಾಣುತ್ತದೆಯೇ ಹೊರತು ನುಂಗುವುದು ಅಲ್ಪ. ಅರ್ಧ ನೆಲಕ್ಕೆ ಜಮಖಾನೆ ಹಾಸಿದರೆ ಸುಮಾರು 40. ನಾಲ್ಕೈದು ಫೂಟಿನ ಹತ್ತು ಕಿಟಕಿ ತೆರೆದರೆ 19. ಇಷ್ಟೂ ಕೂಡಿದರೆ 150 ಜನರ ಸಭೆಯಲ್ಲಿ 4.8 ಸೆಕೆಂಡ್ ಇದ್ದದ್ದು ಎರಡೂವರೆಗೆ ಇಳಿಯುತ್ತದೆ. ಆದರ್ಶವಲ್ಲ, ಆದರೆ ತಾನ್ ತಾನಾಗಿ ಕೇಳುತ್ತದೆ.

ಬಟ್ಟೆ ನುಂಗುವುದು ಮೇಲಿನ, ನಡುವಿನ ಸ್ವರಗಳನ್ನು. ಡಗ್ಗಾದ ಗುಂಕಾರಕ್ಕೆ ಬಟ್ಟೆ ಲೆಕ್ಕಕ್ಕಿಲ್ಲ. ಅದಕ್ಕೆ ತೆರೆದ ಕಿಟಕಿ ಬಾಗಿಲುಗಳೇ ಒಳ್ಳೆಯವು.

ಬಟ್ಟೆಗಿಂತಲೂ ಅಗ್ಗದ ಉಪಾಯ ವೇದಿಕೆಯ ಜಾಗ ಬದಲಿಸುವುದು. 150 ಜನರಿಗೆ 100 ಫೂಟಿನ ಹಾಲ್ ಏಕೆ ಬೇಕು? ಮದುವೆಯ ವೇದಿಕೆಯನ್ನು ಬಿಟ್ಟು, ಉದ್ದ ಗೋಡೆಯ ನಡುವೆ ಒಂದೂವರೆ ಫೂಟು ಎತ್ತರಕ್ಕೆ 16×12 ಫೂಟಿನ ಹಲಗೆ ವೇದಿಕೆ ಹಾಕಿ, ಸುತ್ತ ಮೂರು ಕಡೆ ಜಮಖಾನೆ ಹಾಸಿ ಕೂಡಿಸಿದರೆ ಅತಿ ದೂರದ ಕೇಳುಗರೂ ಹನ್ನೆರಡು ಮೀಟರಿನೊಳಗೆ ಬರುತ್ತಾರೆ. ಬೈಠಕ್ ಎಂಬ ಮಾತಿನಲ್ಲೇ ಈ ಬುದ್ಧಿ ಇದೆ. ಕುರ್ಚಿ ಬೇಕಾದ ಹಿರಿಯರಿಗೆ ಗೋಡೆಯಂಚಿಗೆ ಎರಡು ಸಾಲು ಸಾಕು.

ಕರೆಂಟಿನ ಕಡೆಗೆ ಬರೋಣ. ಗಾಯನದಡಿ ಸದಾ ಗುಂಯ್ ಎನ್ನುವ ಸದ್ದು ಬಹಳ ಕಡೆ ಇರುತ್ತದೆ, ಕೇಳಿ ಕೇಳಿ ಜನ ಅದನ್ನು ಹಾಲ್‌ನ ಸ್ವಭಾವವೆಂದು ಬಿಟ್ಟಿರುತ್ತಾರೆ. ನಮ್ಮ ವಿದ್ಯುತ್ತಿನ ಕಂಪನ 50 ಹರ್ಟ್ಜ್, ಅದರ ಇಮ್ಮಡಿ 100. ಕಾಳಿ ಒಂದರಲ್ಲಿ, ಅಂದರೆ ಪೇಟಿಯ ಮೊದಲ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು, ಹಾಡುವವರ ಮಂದ್ರ ಪಂಚಮ 104 ಹರ್ಟ್ಜ್ ಹತ್ತಿರ. ಅಂದರೆ ಆ ಗುಂಯ್ ಇಡೀ ರಾತ್ರಿ ತಂಬೂರಿಯ ಪಂಚಮದ ಕೆಳಗೆ ಇಳಿದ ಪಂಚಮವೊಂದನ್ನು ನುಡಿಸುತ್ತಲೇ ಇರುತ್ತದೆ. ಸ್ವರಕ್ಕೆ ಸೂಕ್ಷ್ಮವಾದ ಕಂಠ ಅದರೊಡನೆ ಗುದ್ದಾಡಿ ಸೋಲುತ್ತದೆ. ಕಾರಣ ಸಾಮಾನ್ಯವಾಗಿ ಒಂದೇ: ಮಿಕ್ಸರಿಗೆ ಒಂದು ಕಡೆಯಿಂದ, ಆ್ಯಂಪ್ಲಿಫೈಯರಿಗೆ ಇನ್ನೊಂದು ಕಡೆಯಿಂದ ಕರೆಂಟು ಕೊಟ್ಟು ಅರ್ಥಿಂಗ್ ಸುತ್ತುಬಿದ್ದಿರುವುದು, ಇಲ್ಲವೆ ದೀಪದ ಡಿಮ್ಮರ್, ಕೂಲರ್, ಸೌಂಡ್ ಎಲ್ಲ ಒಂದೇ ಫೇಸಿನಲ್ಲಿರುವುದು. ಸೌಂಡಿಗೆ ಒಂದು ಫೇಸು ಬೇರೆ ಇಡಿಸಿ, ಅದರ ಎಲ್ಲ ಪ್ಲಗ್ಗುಗಳನ್ನು ಒಂದೇ ಬೋರ್ಡಿನಿಂದ ತೆಗೆಯಬೇಕು. ಉದ್ದ ಎಳೆಯುವ ಕೇಬಲ್ ಬ್ಯಾಲೆನ್ಸ್ಡ್ ಇರಬೇಕು, ಕರೆಂಟಿನ ವೈರಿನ ಪಕ್ಕಪಕ್ಕ ಓಡಬಾರದು. ಇಲೆಕ್ಟ್ರಾನಿಕ್ ತಂಬೂರಿಗೆ, ಕೀಬೋರ್ಡಿಗೆ ಅರ್ಥಿಂಗ್ ಸುತ್ತನ್ನು ಕಡಿಯುವ ಗ್ರೌಂಡ್ ಲಿಫ್ಟ್ ಗುಂಡಿ ಇರುವ ಡಿಐ ಬಾಕ್ಸ್ ಅನ್ನು ಮಿಕ್ಸರಿಗೆ ಹೋಗುವ ನಡುವೆ ಹಾಕಬೇಕು. ಗುಂಯ್ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ ಮುರಿಯುವವರಿದ್ದಾರೆ. ಅದು ಹಾಡುವವರ ಜೀವದೊಡನೆ ಆಡುವ ಆಟ, ಅದಕ್ಕೆ ಎಂದೂ ಅವಕಾಶ ಕೊಡಬಾರದು.

ಜನರೇಟರ್ ಇದ್ದರೂ ಕರೆಂಟು ಹೋಗಿ ಬರುವ ನಡುವೆ ಹತ್ತು ಹದಿನೈದು ಸೆಕೆಂಡ್ ಕತ್ತಲೆ. ಆದರೆ ಡಿಜಿಟಲ್ ಮಿಕ್ಸರ್ ಮತ್ತೆ ಏಳಲು ಇನ್ನೂ ಒಂದು ನಿಮಿಷ ಹಿಡಿಯಬಹುದು. ಮಿಕ್ಸರಿಗೊಂದು ಚಿಕ್ಕ ಯುಪಿಎಸ್ ಇಟ್ಟರೆ ಆ ನಿಮಿಷ ಉಳಿಯುತ್ತದೆ. ಡೀಸೆಲ್ ತುಂಬಿದೆಯೋ ಇಲ್ಲವೋ ಮಧ್ಯಾಹ್ನವೇ ನೋಡಿ, ದೀಪ, ಫ್ಯಾನು, ಸೌಂಡ್ ಎಲ್ಲದರ ಭಾರ ಹಾಕಿ ಹತ್ತು ನಿಮಿಷ ಓಡಿಸಬೇಕು. ಅದನ್ನು ನಿಲ್ಲಿಸುವ ಜಾಗ ವೇದಿಕೆಯ ಹಿಂಗೋಡೆಯ ಆಚೆ ಆಗಿರಕೂಡದು.

ಹವೆಯ ಮಾತು ಊರಿಂದೂರಿಗೆ ಬೇರೆ. ಬೆಳಗಾವಿಯ ಜುಲೈ ತಿಂಗಳ ತೇವದಲ್ಲಿ ತಬಲಾದ ಚರ್ಮ ಸಡಿಲಾಗಿ ಸ್ವರ ಇಳಿಯುತ್ತದೆ, ತಗಡಿನ ಛಾವಣಿಯಾದರೆ ಮಳೆ ಬಂದಾಗ ಗಾಯನವೇ ಮುಳುಗುತ್ತದೆ. ವಿಜಯಪುರದ ಏಪ್ರಿಲ್‌ನಲ್ಲಿ ಒಣ ಬಿಸಿಗೆ ಚರ್ಮ ಬಿಗಿದು ಸ್ವರ ಏರುತ್ತದೆ. ಸೆಕೆಯೆಂದು ವೇದಿಕೆಯ ಪಕ್ಕ ಕೂಲರ್ ಇಟ್ಟಿರೋ, ಅದರ ತೇವದ ಗಾಳಿಗೆ ಏರಿದ್ದು ಇಳಿಯತೊಡಗುತ್ತದೆ. ಪ್ರತಿ ಹತ್ತು ನಿಮಿಷಕ್ಕೆ ಸುತ್ತಿಗೆಯ ಸದ್ದು. ಜನ ತಬಲಾದವರನ್ನು ಬೈಯುತ್ತಾರೆ. 2024ರಲ್ಲಿ ಭೌಗೋಳಿಕ ಗುರುತು ಪಡೆದ ಮಿರಜದ ತಂಬೂರಿಯೂ ಅಷ್ಟೇ, ಒಣಗಿದ ಕುಂಬಳ ಮತ್ತು ಕಟ್ಟಿಗೆ. ಕಾರಿನ ಡಿಕ್ಕಿಯಿಂದ ತೆಗೆದು ನೇರವಾಗಿ ಎಸಿ ಹಾಲ್‌ನಲ್ಲಿ ಶ್ರುತಿ ಮಾಡಿದರೆ ಇಪ್ಪತ್ತು ನಿಮಿಷದಲ್ಲಿ ತಪ್ಪುತ್ತದೆ. ವಾದ್ಯಗಳನ್ನು ಗವಸಣಿಗೆ ತೆಗೆದು ವೇದಿಕೆಯ ಹವೆಯಲ್ಲೇ ಒಂದು ಗಂಟೆ ಇಟ್ಟು, ಕೂಲರ್ ಹಾಗೂ ಫ್ಯಾನುಗಳನ್ನು ಗಾಯನದ ಹೊತ್ತಿನಲ್ಲಿ ಹೇಗಿರುತ್ತವೋ ಹಾಗೇ ಇಟ್ಟು, ಆಮೇಲೆ ಕೂಡಿಸಬೇಕು.

ಇದೆಲ್ಲ ಸರಿಯಿದ್ದೂ ಸಂಜೆ ಕೆಡುವುದು ಹೊತ್ತಿನಿಂದ. ಕಾರ್ಡಿನಲ್ಲಿ ಆರೂವರೆ. ಮುಖ್ಯ ಅತಿಥಿಗಳು ಬಂದು ದೀಪ ಬೆಳಗುವಾಗ ಏಳೂಕಾಲು. ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ನೆನಪಿನ ಕಾಣಿಕೆ, ಎಂಟು ಜನರ ಐದೈದು ನಿಮಿಷ, ಎಂಟೂ ಹತ್ತು. ಕುರ್ಚಿ ಟೇಬಲ್ ಎತ್ತಿ ಗಾದಿ ಹಾಸಿ ಮೈಕು ಇಡಲು ಇಪ್ಪತ್ತು ನಿಮಿಷ. ಎಂಟೂವರೆ. ಸೂರ್ಯಾಸ್ತದ ಹೊತ್ತಿಗೆಂದು ಮಾರವಾ ಮನಸ್ಸಿನಲ್ಲಿಟ್ಟುಕೊಂಡು ಬಂದ ಗವಾಯಿಗಳಿಗೆ ಆ ರಾಗದ ಹೊತ್ತೇ ದಾಟಿದೆ. ಮಾರವಾದಲ್ಲಿ ಪಂಚಮವಿಲ್ಲ, ಆದ್ದರಿಂದ ತಂಬೂರಿಯ ಮೊದಲ ತಂತಿಯನ್ನು ನಿಷಾದಕ್ಕೋ ಧೈವತಕ್ಕೋ ಕೂಡಿಸಿರುತ್ತಾರೆ. ಈಗ ಬಾಗೇಶ್ರೀಗೋ ಇನ್ನೊಂದಕ್ಕೋ ಹೋಗಬೇಕೆಂದರೆ ಆ ತಂತಿಯನ್ನು ಜನರೆದುರು ಬದಲಿಸಬೇಕು. ದಿನವಿಡೀ ಒಳಗೆ ಗುನುಗಿದ ರಾಗವನ್ನು ಬಿಟ್ಟು ಬೇರೊಂದನ್ನು ಕೈಗೆತ್ತಿಕೊಳ್ಳಬೇಕು. ಆ ಮೊದಲ ಇಪ್ಪತ್ತು ನಿಮಿಷದ ಹಿಂಜರಿಕೆಯನ್ನೇ ಜನ ಆವಾಜ್ ಹತ್ತಲಿಲ್ಲ ಎನ್ನುವುದು.

ಕೊನೆಯೂ ಹಾಗೇ ಕತ್ತರಿಸುತ್ತದೆ. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ಅವಕಾಶವಿಲ್ಲ. ಸಭಾಂಗಣದಂಥ ಮುಚ್ಚಿದ ಜಾಗದೊಳಗಿನ ಬಳಕೆಗೆ ವಿನಾಯಿತಿ, ಮತ್ತು ವರ್ಷಕ್ಕೆ 15 ದಿನ ಮೀರದಂತೆ ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ಮಧ್ಯರಾತ್ರಿಯವರೆಗೆ ರಾಜ್ಯ ಸರಕಾರ ಸಡಿಲಿಕೆ ಕೊಡಬಹುದು. ಕಿಟಕಿ ತೆರೆದು ಗುಂಕಾರ ಇಳಿಸಿದ ಹಾಲ್ ಮುಚ್ಚಿದ ಜಾಗ ಎನಿಸುವುದಿಲ್ಲ, ಪಕ್ಕದ ಮನೆಗಳಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ. ಆದ್ದರಿಂದ ಹತ್ತಕ್ಕೆ ನಿಲ್ಲಿಸುವುದೇ ನ್ಯಾಯ. ಎಂಟೂವರೆಗೆ ಶುರುವಾದ ಗಾಯನಕ್ಕೆ ಆಗ ಉಳಿಯುವುದು ಒಂದೂವರೆ ತಾಸು: ವಿಲಂಬಿತ, ದ್ರುತ ಸೇರಿ ಒಂದು ತಾಸು, ಚಿಕ್ಕದೊಂದು ರಾಗ, ಆಮೇಲೆ ಮುಗಿಸಿರೆಂಬ ಚೀಟಿ ಬರುತ್ತದೆ. ವಚನವೂ ಇಲ್ಲ, ಅಭಂಗವೂ ಇಲ್ಲ, ಭೈರವಿಯೂ ಇಲ್ಲ. ಸನ್ಮಾನಗಳನ್ನು ಗಾಯನದ ನಂತರಕ್ಕೆ ಇಟ್ಟರೆ ಈ ತಾಪತ್ರಯವೇ ಇರುವುದಿಲ್ಲ. ಗಣ್ಯರು ಕಾಯಲಾರರು ಎನ್ನುತ್ತಾರೆ. ಹಾಗಾದರೆ ಅವರಿಗೆ ಸನ್ಮಾನ ಮಾಡಲು ಬೇರೆ ದಿನ ನೋಡುವುದು ಒಳಿತು.

ಅವರಿಗೆಂದು ಹಾಕಿದ ಮುಂದಿನ ಎರಡು ಸಾಲು ಸೋಫಾ, ಅವರು ಎದ್ದುಹೋದ ಮೇಲೆ ಇಡೀ ರಾತ್ರಿ ಖಾಲಿ. ಗವಾಯಿಗಳ ಕಣ್ಣೆದುರು ಮೂವತ್ತು ಫೂಟು ಯಾರೂ ಇಲ್ಲ. ಮೆಚ್ಚುಗೆಯ ಒಂದು ದಾದ್ ಕೂಡ ಹತ್ತಿರದಿಂದ ಬಾರದು. ಶ್ರುತಿ ಮಾಡುವ ಐದು ನಿಮಿಷದಲ್ಲಿ ಕಾರ್ಯಕರ್ತರು ಹಿಂದಿನವರನ್ನು ಕೈಮುಗಿದು ಮುಂದೆ ಕರೆದು ಕೂಡಿಸಿದರೆ ಆಯಿತು.

ಊಟದ ಮನೆ ಹಾಲ್‌ನ ಕೆಳಗಿದ್ದರೆ ತಾಟು ತೊಳೆಯುವ ಸದ್ದು ಮೆಟ್ಟಿಲಿನಿಂದ ಏರಿ ಬರುತ್ತದೆ. ಗಾಯನ ಮುಗಿಯುವವರೆಗೆ ನೀರು ಬಿಟ್ಟು ಬೇರೇನೂ ಬೇಡ. ಬಾಗಿಲುಗಳ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಪಾಸ್ ಇಲ್ಲದವರು ನುಗ್ಗದಿರಲೆಂದು ಒಂದು ಬಾಗಿಲು ಬಿಟ್ಟು ಉಳಿದವಕ್ಕೆ ಬೀಗ ಹಾಕುವ ಪದ್ಧತಿ ಇದೆ. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು, ಹೊಗೆಯಿಂದ ಹೊರಬರುವ ದಾರಿಗಳು ಮುಚ್ಚಿದ್ದವು. ಬೀಗದ ಬದಲು ಬಾಗಿಲಿಗೊಬ್ಬ ಕಾರ್ಯಕರ್ತ ನಿಲ್ಲಲಿ.

ಬಯಲಿನಲ್ಲಿ ಮಾಡಿದರೆ ಗೋಡೆಯ ಕಾಟವೇ ಇಲ್ಲವಲ್ಲ ಎನ್ನಬಹುದು. ನಿಜ. ಸಂಗೀತವನ್ನು ಉಸಿರಾಡಿದ ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹನ (ಆಳ್ವಿಕೆ 1580–1627) ಹೆಸರಿನೊಡನೆ ಉಳಿದಿರುವ ತೊರವಿ ಬಳಿಯ ಸಂಗೀತ ಮಹಲಿನ ಎದುರು ಕೂತವರಿಗೆ ಬಯಲಿನ ಸುಖ ಗೊತ್ತು. ಬಯಲಿನ ಕಷ್ಟ ಬೇರೆ: ದೂರ ಇಮ್ಮಡಿಯಾದಂತೆ ದನಿ 6 ಡೆಸಿಬಲ್ ಇಳಿಯುತ್ತದೆ. ಐದು ಮೀಟರಿನಲ್ಲಿ ಹಿತವಾದದ್ದು ನಲವತ್ತರಲ್ಲಿ 18 ಡೆಸಿಬಲ್ ಕಡಿಮೆ. ಮುಂದಿನವರಿಗೆ ಕಿವಿ ನೋಯುತ್ತದೆ, ಹಿಂದಿನವರಿಗೆ ಸಾಲದು. ಹಾಗಾಗಿ ನಡುವೆ ತಡ ಕೊಟ್ಟ ಎರಡನೇ ಜೋಡಿ ಸ್ಪೀಕರ್ ಬೇಕೇಬೇಕು. ಬಿಸಿಲಿಗೆ ಕಾದ ನೆಲ ರಾತ್ರಿ ಬೇಗ ತಣಿದಾಗ ನೆಲದ ಹತ್ತಿರದ ಗಾಳಿ ತಂಪು, ಮೇಲಿನದು ಬೆಚ್ಚಗೆ. ಆಗ ದನಿ ಕೆಳಕ್ಕೆ ಬಾಗಿ ಬಹುದೂರ ಹೋಗುತ್ತದೆ. ಒಂದು ಮೈಲಿಯಾಚೆಯ ಹೊಲದ ಮನೆಯವರಿಗೆ ಸ್ಪಷ್ಟವಾಗಿ ಕೇಳುವುದು ಇದರಿಂದಲೇ. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳು ಅಕ್ಕಪಕ್ಕ ಡೇರೆ ಹಾಕಿದಾಗ ಒಂದರ ಹಾಡು ಇನ್ನೊಂದರ ಮಾತಿನ ಮೇಲೆ ಬೀಳುವುದರಲ್ಲಿ ಇದರ ಕೈಯೂ ಇದೆ.

ಹಾಲ್ ನೋಡಲು ಹೋದ ದಿನ ಮಾಡಬೇಕಾದದ್ದು ಇಷ್ಟು. ಫ್ಯಾನು, ಎಸಿ ಎಲ್ಲ ಬಂದ್ ಮಾಡಿಸಿ, ನಡುವೆ ನಿಂತು ಒಂದೇ ಒಂದು ಗಟ್ಟಿ ಚಪ್ಪಾಳೆ. ಬಾಲ ಎರಡು ಎಣಿಸುವಷ್ಟರಲ್ಲಿ ಮುಗಿದರೆ ಮಾತಾಡಬಹುದು. ನಾಲ್ಕೈದು ಎಣಿಸಿದರೆ ಪರದೆಯ ಖರ್ಚು ಕೂಡಿಸಿಕೊಂಡು ಬಾಡಿಗೆ ಮಾತಾಡಬೇಕು. ಝರ್ರ್ ಎಂದು ಎದುರುಬದುರು ಗೋಡೆಗಳ ನಡುವೆ ಓಡಿದರೆ ಒಂದು ಗೋಡೆಗಾದರೂ ಬಟ್ಟೆ ಬೇಕು. ಆಮೇಲೆ ಫ್ಯಾನು ಒಂದೊಂದೇ ಚಾಲೂ ಮಾಡಿ ಯಾವುದು ಕಿರುಗುಟ್ಟುತ್ತದೆಂದು ಗುರುತು ಮಾಡಿಕೊಳ್ಳಬೇಕು.

ಗಾಯನದ ದಿನ ಎರಡಕ್ಕೆ ಪರದೆ, ಜಮಖಾನೆ. ಮೂರಕ್ಕೆ ಸ್ಪೀಕರು, ಕೇಬಲ್ಲು. ನಾಲ್ಕಕ್ಕೆ ಮೈಕುಗಳನ್ನು ಒಂದೊಂದಾಗಿ ತೆರೆದು, ನಿಧಾನ ಏರಿಸಿ, ಯಾವ ಕಂಪನದಲ್ಲಿ ಕುಂಯ್ ಎನ್ನುತ್ತದೋ ಆ ಒಂದು ಪಟ್ಟಿಯನ್ನು 31 ಪಟ್ಟಿಯ ಈಕ್ವಲೈಸರಿನಲ್ಲಿ 3 ಡೆಸಿಬಲ್ ಇಳಿಸುವುದು. ನಾಲ್ಕೈದು ಪಟ್ಟಿಗಿಂತ ಹೆಚ್ಚು ಇಳಿಸಬೇಕಾಗಿ ಬಂದರೆ ತಪ್ಪು ಸ್ಪೀಕರಿನ ಜಾಗದಲ್ಲಿದೆ. ಐದಕ್ಕೆ ವಾದ್ಯಗಳು ವೇದಿಕೆಯ ಮೇಲೆ. ಐದೂವರೆಗೆ ಗವಾಯಿಗಳು ಬಂದು ಹತ್ತು ನಿಮಿಷ ಕೂತರೆ ಮಾನಿಟರಿನಲ್ಲಿ ತಮಗೆ ಏನೆಷ್ಟು ಬೇಕೆಂದು ಹೇಳುತ್ತಾರೆ: ಕೆಲವರಿಗೆ ತಂಬೂರಿ ಮಾತ್ರ ಸಾಕು, ಕೆಲವರಿಗೆ ಪೇಟಿಯೇ ಬೇಡ. ಅವರು ಎದ್ದು ಹೋದ ಮೇಲೆ ಮಿಕ್ಸರಿನವರು ಕೊನೆಯ ಸಾಲಿಗೆ ನಡೆದುಹೋಗಿ ಕೂತು, ತಂಬೂರಿಯೊಂದನ್ನೇ ನುಡಿಸಲು ಹೇಳಬೇಕು. ನಾಲ್ಕು ತಂತಿ ನಾಲ್ಕಾಗಿ ಕೇಳಿಸಿ, ನಡುವಿನ ಜೋಡಿ ಒಂದರೊಳಗೊಂದು ಕೂಡಿ, ಕೆಳ ಷಡ್ಜ ನುಡಿಯುವ ಖರ್ಜದ ತಂತಿ ನಿಂತ ಮೇಲೆ ಅದರೊಳಗಿನ ಗಾಂಧಾರ ಮೆಲ್ಲಗೆ ಕಿವಿಗೆ ಬಂತೆಂದರೆ, ಬಾಗಿಲು ತೆರೆಯಬಹುದು.